ಹುಲ್ಲಿನ ಹೊರೆಗೂ ದಾರಿಯಿರುವ ಕೆರೆ

ಮಗಳಿಗೆ ಎರಡನೆಯ ಹೆರಿಗೆಯಾಗಿ ಮೂರು ತಿಂಗಳು ಕಳೆದಿತ್ತು. "ಅಮ್ಮೀ, ಒಂದು ತಿಂಗಳಾದರೂ ಬಂದು ಇರಿ" ಎಂದು ಅವಳು ಫೋನಿನಲ್ಲಿ ಹೇಳಿದಾಗ ಅವಳ ದನಿಯಲ್ಲಿ ಎಂದಿನ ಲವಲವಿಕೆ ಇರಲಿಲ್ಲ. ತಾಯಿಯ ಕಿವಿಗೆ ಅಷ್ಟು ಸಾಕು. ಮರುದಿನವೇ ಕಡೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂದೆ.

ಸರ್ಜಾಪುರ ರಸ್ತೆಯ ಒಂದು ದೊಡ್ಡ ಕಟ್ಟಡದ ಒಂಬತ್ತನೆಯ ಮಹಡಿಯಲ್ಲಿ ಅವಳ ಮನೆ. ಅಳಿಯ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮರಳುವುದು ರಾತ್ರಿ ಎಂಟಕ್ಕೆ. ಐದು ವರ್ಷದ ಮೊಮ್ಮಗ ಶಾಲೆಗೆ ಹೋದ ಮೇಲೆ ಮಗಳೂ ಹಸುಗೂಸೂ ನಾಲ್ಕು ಗೋಡೆಗಳ ನಡುವೆ. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಮಗಳು ಮಾತು ಕಡಿಮೆ ಮಾಡಿದ್ದಳು. ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕುಳಿತರೆ ಚಹಾ ಆರಿ ಹೋದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ನನಗೋ ಸಕ್ಕರೆ ಕಾಯಿಲೆ. ದಿನಕ್ಕೆ ಅರ್ಧ ಗಂಟೆಯಾದರೂ ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ಊರಿನಲ್ಲಾದರೆ ತೋಟದ ದಾರಿಯಿದೆ. ಇಲ್ಲಿ ರಸ್ತೆಗೆ ಇಳಿದರೆ ನೀರಿನ ಟ್ಯಾಂಕರುಗಳು, ಧೂಳು, ಹಾರ್ನ್. ಎರಡು ದಿನ ಪ್ರಯತ್ನಿಸಿ ಕೈಬಿಟ್ಟೆ. ಮೂರನೆಯ ದಿನ ಅಸರ್ ನಮಾಝ್ ಮುಗಿಸಿ ಕುಳಿತಿದ್ದಾಗ ಮಗಳೇ ಹೇಳಿದಳು: "ಕೆರೆ ಹತ್ತಿರ ಹೋಗೋಣ ಬನ್ನಿ ಅಮ್ಮೀ. ಮೊದಲೆಲ್ಲ ನಾನು ಹೋಗುತ್ತಿದ್ದೆ. ಬಸುರಿಯಾದ ಮೇಲೆ ನಿಂತೇ ಹೋಯಿತು."

ಬೆಂಗಳೂರಿನ ಕೆರೆ ಎಂದ ಕೂಡಲೇ ನಾನು ಮೂಗು ಮುಚ್ಚಿಕೊಂಡೆ. ಬೆಳ್ಳಂದೂರು ಕೆರೆಯಲ್ಲಿ ಬಿಳಿ ನೊರೆ ಎದ್ದು ರಸ್ತೆಗೆ ಹಾರುತ್ತಿದ್ದುದನ್ನು ಟಿವಿಯಲ್ಲಿ ನೋಡಿದ್ದೆ. 2017ರ ಫೆಬ್ರವರಿಯಲ್ಲೂ 2018ರ ಜನವರಿಯಲ್ಲೂ ಆ ಕೆರೆಗೆ ಬೆಂಕಿ ಬಿದ್ದಿತ್ತು. ನೀರಿಗೆ ಬೆಂಕಿ ಹತ್ತುವುದನ್ನು ಅಲ್ಲಿಯವರೆಗೆ ನಾನು ಕೇಳಿರಲೂ ಇಲ್ಲ. ಮಗಳ ಮನೆಯಿಂದ ಬೆಳ್ಳಂದೂರು ದೂರವೇನೂ ಇಲ್ಲ. "ಆ ಕೆರೆಯಲ್ಲ ಅಮ್ಮೀ, ಇದು ಕೈಕೊಂಡ್ರಹಳ್ಳಿ ಕೆರೆ. ಬಂದು ನೋಡಿ" ಎಂದು ಅವಳು ನಕ್ಕಳು. ಬಂದ ಮೇಲೆ ಅವಳ ಮುಖದಲ್ಲಿ ನಾನು ಕಂಡ ಮೊದಲ ನಗು ಅದು.

ಗೇಟಿನ ಒಳಗೆ

ಸರ್ಜಾಪುರ ರಸ್ತೆಯ ಗದ್ದಲದಿಂದ ಗೇಟು ದಾಟಿ ಒಳಗೆ ಬಂದರೆ ಎದುರಿಗೆ ವಿಶಾಲವಾದ ನೀರು. ಸುಮಾರು 48 ಎಕರೆಯ ಕೆರೆ ಇದು. ಟಿಕೆಟ್ ಇಲ್ಲ. ನೀರಿನ ಸುತ್ತ ನಡೆಯಲು ದಾರಿ ಮಾಡಿದ್ದಾರೆ. ಒಂದು ಸುತ್ತು ಬಂದರೆ ನನಗೆ ಡಾಕ್ಟರು ಹೇಳಿದ ಅರ್ಧ ಗಂಟೆ ಸರಿಹೋಗುತ್ತದೆ. ನೀರಿನ ನಡುವೆ ಮರಗಳಿರುವ ನಡುಗಡ್ಡೆ. ಅಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿದ್ದವು. ಜೊಂಡಿನ ಬದಿಯಲ್ಲಿ ನೇರಳೆ ಬಣ್ಣದ ನೀರುಕೋಳಿಗಳು ಉದ್ದ ಬೆರಳುಗಳನ್ನು ಊರಿಕೊಂಡು ನಮ್ಮ ಮನೆಯಂಗಳದ ಕೋಳಿಗಳಷ್ಟೇ ಗತ್ತಿನಿಂದ ಓಡಾಡುತ್ತಿದ್ದವು. ಮೊಮ್ಮಗ ಅವುಗಳ ಹಿಂದೆ ಓಡಲು ಹೋದಾಗ ವಯಸ್ಸಾದ ಒಬ್ಬರು ತಡೆದು, "ದಾರಿ ಮೇಲೇ ನಿಂತು ನೋಡಬೇಕು ಪುಟ್ಟಾ, ಅದು ಅವುಗಳ ಮನೆ" ಎಂದರು. ಅವನು ಕೂಡಲೇ ನಿಂತ. ನಾನು ಹೇಳಿದ್ದರೆ ನಿಲ್ಲುತ್ತಿರಲಿಲ್ಲ!

ದಾರಿಯಲ್ಲಿ ಎಲ್ಲ ಬಗೆಯ ಜನ. ಕಂಪೆನಿಯ ಕೆಲಸ ಮುಗಿಸಿ ಓಡಲು ಬಂದ ಯುವಕರು, ಚೂಡಿದಾರದ ಕೆಳಗೆ ಬಿಳಿ ಶೂ ಹಾಕಿಕೊಂಡ ಗೃಹಿಣಿಯರು, ಬೆಂಚಿನ ಮೇಲೆ ಕುಳಿತ ಅಜ್ಜಂದಿರು. ಬುರ್ಖಾ ತೊಟ್ಟ ಇಬ್ಬರು ಎದುರಾಗಿ ಸಲಾಮ್ ಹೇಳಿದರು. ಮಗುವನ್ನು ಎದೆಗೆ ಕಟ್ಟಿಕೊಂಡಿದ್ದ ಮಗಳ ಬಳಿ ಅವರಲ್ಲೊಬ್ಬಳು ನಿಂತು "ಎಷ್ಟು ತಿಂಗಳು?" ಎಂದು ಕೇಳಿದಳು. ಅಷ್ಟೇ ಸಾಕಾಯಿತು. ನಿದ್ರೆ, ಹಾಲು, ಹೊಟ್ಟೆನೋವು ಎಂದು ಇಬ್ಬರೂ ಅರ್ಧ ಸುತ್ತು ಮಾತಾಡುತ್ತಲೇ ನಡೆದರು. ನಾನು ಬೇಕೆಂದೇ ಹಿಂದೆ ಉಳಿದೆ.

ಅಂದಿನಿಂದ ದಿನವೂ ಕೆರೆಗೆ ಹೋಗುವುದು ರೂಢಿಯಾಯಿತು.

ಕೆರೆಯನ್ನು ಉಳಿಸಿದ ಬಗೆ

ನಡೆಯುತ್ತಾ ನಡೆಯುತ್ತಾ ಮಗಳಿಂದಲೂ ಅಲ್ಲಿ ಪರಿಚಯವಾದವರಿಂದಲೂ ಈ ಕೆರೆಯ ಕತೆ ತಿಳಿಯಿತು.

ಬಯಲುಸೀಮೆಯ ಕೆರೆ ಎಂದೂ ಒಂಟಿಯಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಹೀಗೆ ಸರಪಣಿಯಂತೆ ಕೆರೆಗಳನ್ನು ಕಟ್ಟಿದವರು ನಮ್ಮ ಹಿರಿಯರು. ಕಸವನಹಳ್ಳಿ ಕೆರೆಯ ನೀರು ಕೈಕೊಂಡ್ರಹಳ್ಳಿಗೆ, ಇಲ್ಲಿಂದ ಸೌಳು ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ ಇಳಿಯುತ್ತದೆ. ಈ ಸರಪಣಿ ಊರಿಗೆ ಊರನ್ನೇ ಸಾಕುತ್ತಿತ್ತು. ಗದ್ದೆಗೆ ನೀರು, ದನಕ್ಕೆ ಹುಲ್ಲು, ಬಾವಿಗೆ ಒರತೆ, ಮನೆಗೆ ಮೀನು, ಸಾರಿಗೆ ಸೊಪ್ಪು ಎಲ್ಲವೂ ಕೆರೆಯಿಂದಲೇ.

ನಗರ ಬೆಳೆದಂತೆ ಗದ್ದೆಗಳು ಕಟ್ಟಡಗಳಾದವು. ಮಳೆನೀರು ತರಬೇಕಾದ ರಾಜಕಾಲುವೆಗಳಲ್ಲಿ ಕೊಳಚೆ ಹರಿಯಿತು. ಬೆಂಗಳೂರಿನಲ್ಲಿ ಇದೇನೂ ಹೊಸತಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆ. ಕಂಠೀರವ ಕ್ರೀಡಾಂಗಣ ಎದ್ದಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೈಕೊಂಡ್ರಹಳ್ಳಿ ಕೆರೆಯೂ ಕೊಳಚೆ ತುಂಬಿ, ನೀರು ಬತ್ತಿ, ಕಸದ ತಿಪ್ಪೆಯಾಗುವ ಹಾದಿಯಲ್ಲಿತ್ತು.

ಆಗ ಸುತ್ತಲಿನ ನಿವಾಸಿಗಳು ಒಟ್ಟಾದರು. ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಈ ಕೆರೆಯ ಅಭಿವೃದ್ಧಿಗೆ ಕೈಹಾಕಿದಾಗ ಅವರು ಅಧಿಕಾರಿಗಳ ಜೊತೆ ಕುಳಿತು ಯೋಜನೆ ಹೇಗಿರಬೇಕೆಂದು ಚರ್ಚಿಸಿದರು. ಪರಿಸರ ವಿಜ್ಞಾನಿಗಳನ್ನು ಕರೆತಂದರು. ಹಳ್ಳಿಯ ಹಿರಿಯರನ್ನು ಕೇಳಿದರು. 2009ರ ಸುಮಾರಿಗೆ ಕೆಲಸ ಶುರುವಾಯಿತು. ಕೆರೆಗೆ ಬರುತ್ತಿದ್ದ ಕೊಳಚೆಯನ್ನು ಬೇರೆಡೆಗೆ ತಿರುಗಿಸಿ, ಹೂಳು ತೆಗೆದು, ಏರಿಯನ್ನು ಗಟ್ಟಿ ಮಾಡಿದರು. ಸುತ್ತಲೂ ನಮ್ಮ ನೆಲದ್ದೇ ಆದ ಮರಗಳ ಸಸಿ ನೆಟ್ಟರು. ಮುಂದಿನ ಮಳೆಗಾಲಗಳಲ್ಲಿ ಕೆರೆಗೆ ನೀರು ಬಂತು, ನೀರಿನ ಹಿಂದೆಯೇ ಹಕ್ಕಿಗಳು ಬಂದವು. ನಿವಾಸಿಗಳು ಮಹದೇವಪುರ ಪರಿಸರ ಸಂರಕ್ಷಣೆ ಮತ್ತು ಅಭಿವೃದ್ಧಿ ಸಮಿತಿ ಎಂಬ ಸಂಸ್ಥೆ ಕಟ್ಟಿ, ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೆರೆಯ ಉಸ್ತುವಾರಿಗೆ ನಿಂತರು. ಗಣೇಶ ಮೂರ್ತಿಗಳನ್ನು ಬಿಡಲು ಪ್ರತ್ಯೇಕ ಕಲ್ಯಾಣಿ ಮಾಡಿದ್ದರಿಂದ ಹಬ್ಬವೂ ನಡೆಯಿತು, ಕೆರೆಯ ನೀರೂ ಕೆಡಲಿಲ್ಲ. ಪಕ್ಕದ ಸರಕಾರಿ ಶಾಲೆಯ ಮಕ್ಕಳಿಗೆ ಕೆರೆಯೇ ಇನ್ನೊಂದು ತರಗತಿಯಾಯಿತು.

ಇಲ್ಲಿ ನಾನು ಕಲಿತ ಒಂದು ಸಂಗತಿಯಿದೆ. ಕೆರೆಯನ್ನು ಬಟ್ಟಲಿನಂತೆ ಎಲ್ಲ ಕಡೆ ಒಂದೇ ಆಳಕ್ಕೆ ತೋಡಿ, ಸುತ್ತಲೂ ಕಲ್ಲು ಕಟ್ಟಿದರೆ ನೋಡಲು ಅಚ್ಚುಕಟ್ಟು. ಆದರೆ ಕಾಲು ಊರಿ ನಿಂತು ಹುಳು ಹೆಕ್ಕುವ ಹಕ್ಕಿಗೆ ಅಲ್ಲಿ ಜಾಗವಿಲ್ಲ. ನಡುವೆ ಆಳ, ಅಂಚಿನಲ್ಲಿ ಇಳಿಜಾರು, ಇಳಿಜಾರಿನಲ್ಲಿ ಕೆಸರು, ಕೆಸರಿನಲ್ಲಿ ಜೊಂಡು ಹೀಗಿದ್ದರೆ ಮಾತ್ರ ಅದು ಜೀವ ಇರುವ ಕೆರೆ. ನಮ್ಮ ಕಣ್ಣಿಗೆ ಗಲೀಜಾಗಿ ಕಾಣುವ ಜೊಂಡು ನೀರಿನ ಕೊಳೆಯನ್ನು ಹೀರಿಕೊಳ್ಳುತ್ತದೆ, ಹಕ್ಕಿಗೆ ಗೂಡಿನ ಮರೆಯಾಗುತ್ತದೆ. ಮಣ್ಣಿನ ದಾರಿ ಶೂಗೆ ಕೆಸರು ಹತ್ತಿಸುತ್ತದೆ ನಿಜ, ಆದರೆ ಮಳೆನೀರನ್ನು ಕುಡಿಯುತ್ತದೆ. ಸಿಮೆಂಟು ಇಟ್ಟಿಗೆಯ ದಾರಿ ಅದನ್ನು ಚರಂಡಿಗೆ ದೂಡುತ್ತದೆ.

ಹೀಗೆ ನೆರೆಹೊರೆಯವರು ಉಳಿಸಿಕೊಂಡ ಕೆರೆ ಇದೊಂದೇ ಅಲ್ಲ. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗಾಗಿ 2010ರಲ್ಲಿ ಅಲ್ಲಿಯ ನಿವಾಸಿಗಳು ಟ್ರಸ್ಟ್ ಕಟ್ಟಿದರು. ಅದರ ಮುಂಚೂಣಿಯಲ್ಲಿದ್ದವರು ಉಷಾ ರಾಜಗೋಪಾಲನ್ ಎಂಬ ಲೇಖಕಿ. ಕಿಟಕಿಯಿಂದ ಕಾಣುತ್ತಿದ್ದ ಕೆರೆ ಕಣ್ಣೆದುರೇ ಸಾಯುವುದನ್ನು ನೋಡಲಾಗದೆ ಬೀದಿಗಿಳಿದವರು ಅವರು. ಆ ಪುಟ್ಟ ಕೆರೆಗೆ ಈಗ ಮಳೆನೀರಿನ ಜೊತೆ ಪಕ್ಕದ ವಸತಿ ಸಮುಚ್ಚಯದಲ್ಲಿ ಶುದ್ಧೀಕರಿಸಿದ ನೀರೂ ಆಸರೆ. ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಬಂದ ನೀರನ್ನು ಮೊದಲು ಜೊಂಡಿನ ಹಾಸಿನಲ್ಲಿ ಹಾಯಿಸಿ ಆಮೇಲೆ ಕೆರೆಗೆ ಬಿಡುತ್ತಾರೆ.

ಹುಲ್ಲು ಕೊಯ್ಯುವಾಕೆ

ಬಂದು ಎರಡು ವಾರವಾಗಿರಬಹುದು. ಡಿಸೆಂಬರಿನ ಚಳಿ. ಫಜರ್ ನಮಾಝಿನ ಬಳಿಕ ನಿದ್ರೆ ಬರದೆ ಬೆಳಕು ಹರಿಯುವ ಹೊತ್ತಿಗೆ ಒಬ್ಬಳೇ ಕೆರೆಗೆ ಹೋದೆ. ನೀರಿನ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಕೆರೆಯಂಚಿನ ಇಳಿಜಾರಿನಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬಳು ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಕುಡುಗೋಲಿನಿಂದ ಸರಸರನೆ ಹುಲ್ಲು ಕೊಯ್ಯುತ್ತಿದ್ದಳು. ನಾನು ನೋಡುತ್ತಾ ನಿಂತೆ. ಹೊರೆ ಕಟ್ಟಿದ ಮೇಲೆ ಅವಳು ಅತ್ತಿತ್ತ ನೋಡಿ ನನ್ನನ್ನು ಕರೆದಳು: "ಸ್ವಲ್ಪ ಕೈ ಕೊಡ್ತೀರಾ ಅಮ್ಮಾ? ತಲೆ ಮೇಲೆ ಎತ್ತಬೇಕು."

ಇಳಿದು ಹೋದೆ. ಹೊರೆ ಒದ್ದೆಯಾಗಿತ್ತು, ಭಾರವಾಗಿತ್ತು. ಬುರ್ಖಾದ ತೋಳೆಲ್ಲ ಇಬ್ಬನಿಯಲ್ಲಿ ನೆನೆಯಿತು. ಎತ್ತಿದ ಮೇಲೆ ಇಬ್ಬರೂ ದಾರಿಯವರೆಗೆ ಒಟ್ಟಿಗೆ ನಡೆದೆವು.

"ಎಷ್ಟು ದನ ಇವೆ?" ಎಂದೆ.

"ಮೊದ್ಲು ಆರಿದ್ವು. ಈಗ ಎರಡೇ. ಹೊಲ ಎಲ್ಲಾ ಬಿಲ್ಡಿಂಗ್ ಆಯ್ತಲ್ಲಮ್ಮಾ. ಹುಲ್ಲಿಗೆ ಇನ್ನೆಲ್ಲಿ ಹೋಗೋದು? ಇರೋದು ಇದೊಂದೇ ಕೆರೆ."

"ಒಳಗೆ ಬಂದು ಕೊಯ್ಯಲು ಬಿಡ್ತಾರಾ?"

ಅವಳು ನಿಂತು ನನ್ನ ಮುಖ ನೋಡಿದಳು. "ಬಿಡೋದೇನು? ನಮ್ಮತ್ತೆ ಕಾಲದಿಂದ್ಲೂ ಇಲ್ಲೇ ಕೊಯ್ಯೋದು. ನೀವು ಮೊನ್ನೆ ಬಂದೋರು."

ಬಿರುಸಿನ ಮಾತಾದರೂ ಅದರಲ್ಲಿ ಸಿಟ್ಟಿರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದ್ದಳು. ಹೊರೆ ಹೊತ್ತು ಗೇಟಿನ ಕಡೆ ನಡೆದಳು. ಓಡುತ್ತಿದ್ದ ಹುಡುಗನೊಬ್ಬ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳಿಗೆ ಇದೆಲ್ಲ ಗೊತ್ತಿತ್ತು. ಕೆರೆಯ ಯೋಜನೆ ಮಾಡುವಾಗಲೇ ಹಳ್ಳಿಯವರ ಹುಲ್ಲು ಮತ್ತು ಮೇವಿನ ಅಗತ್ಯವನ್ನು ಲೆಕ್ಕಕ್ಕೆ ಹಿಡಿದಿದ್ದರಂತೆ. ಬೆಂಗಳೂರಿನ ಕೆರೆಗಳ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅವರ ಬರಹಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ ಎಂದಳು. ನಗರದ ಕೆರೆಯನ್ನು 'ಸುಂದರ' ಮಾಡುವಾಗ ಮೊದಲು ಹೊರಗೆ ಬೀಳುವವರು ದನ ಕಾಯುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಸೊಪ್ಪು ಕೀಳುವ ಹೆಂಗಸರು. ಅವರು ಹರಿಣಿಯವರ ಜೊತೆ ಬೆಂಗಳೂರಿನ ಕೆರೆಗಳ ಬಗ್ಗೆ ಬರೆದವರಲ್ಲಿ ಎಲಿನಾರ್ ಆಸ್ಟ್ರಮ್ ಒಬ್ಬರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಆಕೆ, ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. ಊರಿಗೆಲ್ಲ ಸೇರಿದ ಕೆರೆ, ಕಾಡು, ಹುಲ್ಲುಗಾವಲುಗಳನ್ನು ಅದನ್ನು ಬಳಸುವ ಜನರೇ ನಿಯಮ ಮಾಡಿಕೊಂಡು ಕಾಪಾಡಬಲ್ಲರು ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟವರು.

ನಮ್ಮ ಹಳ್ಳಿಯ ಅಜ್ಜಿಯರಿಗೆ ಅದು ಗೊತ್ತಿತ್ತು ಎಂದುಕೊಂಡೆ. ಹಾಗೆಂದುಕೊಂಡ ಕೂಡಲೇ ನನಗೊಂದು ಮುಖ ನೆನಪಾಗಿ ಮನಸ್ಸು ಕುಗ್ಗಿತು.

ನಮ್ಮೂರ ಕೆರೆ

ನಮ್ಮ ಹಳ್ಳಿಗೂ ಒಂದು ಕೆರೆಯಿದೆ. ಈ ಬೆಂಗಳೂರಿನ ಪ್ರಯಾಣಕ್ಕೆ ಕೆಲವು ತಿಂಗಳ ಹಿಂದೆ ಊರಿನ ಯುವಕರು ಅದರ ಅಭಿವೃದ್ಧಿಗೆ ಒಂದು ಅರ್ಜಿ ತಯಾರಿಸಿದ್ದರು. ಸುತ್ತಲೂ ಬೇಲಿ, ಟೈಲ್ಸ್ ಹಾಕಿದ ನಡಿಗೆಯ ದಾರಿ, ಬಣ್ಣದ ದೀಪ, ಬೆಂಚು, ಒಂದು ಗೇಟು. ಹೆಂಗಸರಿಗೆ ನಡೆಯಲು ಜಾಗವಾಗುತ್ತದೆ ಎಂದು ಕೇಳಿ ನಾನು ಸಂತೋಷದಿಂದ ಸಹಿ ಹಾಕಿದೆ. ಮಾತ್ರವಲ್ಲ, ನಮ್ಮ ಬೀದಿಯ ಮನೆಮನೆಗೂ ಹೋಗಿ ಸಹಿ ಮಾಡಿಸಿದೆ.

ಕೆರೆಯ ಹಿಂಬದಿಯಲ್ಲಿ ಒಬ್ಬ ವಿಧವೆ ಅಜ್ಜಿಯಿದ್ದಾಳೆ. ನಾಲ್ಕು ಮೇಕೆಗಳೇ ಅವಳ ಜೀವನ. ಅವಳು ಹೆಬ್ಬೆಟ್ಟು ಒತ್ತಲಿಲ್ಲ. "ಬೇಲಿ ಹಾಕಿದ್ರೆ ನನ್ ಮೇಕೆ ನೀರಿಗೆ ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದಳು. "ಊರು ಉದ್ಧಾರವಾಗುವುದು ಬೇಡವಾ ಅಜ್ಜಿ?" ಎಂದು ನಾವು ನಾಲ್ಕು ಜನ ನಕ್ಕುಬಿಟ್ಟೆವು. ಅವಳು ಏನೂ ಹೇಳದೆ ಒಳಗೆ ಹೋದಳು. ಆ ನಗುವಿನಲ್ಲಿ ನನ್ನ ಪಾಲೂ ಇತ್ತು. ನನಗೆ ನಡೆಯಲು ದಾರಿ ಬೇಕಿತ್ತು. ಅವಳಿಗೆ ಬದುಕಲು ಬೇಕಾದ ದಾರಿಯನ್ನು ನಾನು ನೋಡಿರಲಿಲ್ಲ.

ಎಲ್ಲರೂ ಎಲ್ಲವನ್ನೂ ಮಾಡಲಿ ಎಂದು ಬಿಟ್ಟರೂ ಕೆರೆ ಉಳಿಯುವುದಿಲ್ಲ ಎನ್ನುವುದು ನಿಜ. ಹೊಸದಾಗಿ ನೆಟ್ಟ ಸಸಿಗಳ ನಡುವೆ ಮೇಕೆ ನುಗ್ಗಿದರೆ ಒಂದು ವರ್ಷದ ಶ್ರಮ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಹಕ್ಕಿ ಮೊಟ್ಟೆಯಿಟ್ಟಿರುವಾಗ ಜೊಂಡು ಕೊಯ್ದರೆ ಗೂಡು ಹಾಳಾಗುತ್ತದೆ. ಸೋಪಿನ ನೀರು ನೇರವಾಗಿ ಕೆರೆಗೆ ಇಳಿದರೆ ನೀರು ಕೆಡುತ್ತದೆ. ಆದರೆ ಇವಕ್ಕೆಲ್ಲ ಬೇಲಿಯೊಂದೇ ಉತ್ತರವಲ್ಲ. ಸಸಿ ಆಳೆತ್ತರ ಬೆಳೆಯುವವರೆಗೆ ಆ ಭಾಗಕ್ಕೆ ಮಾತ್ರ ಮುಳ್ಳು ಕಟ್ಟಬಹುದು. ದನಕ್ಕೆ ನೀರು ಕುಡಿಯಲು ಒಂದು ಇಳಿಜಾರು ಬಿಡಬಹುದು. ಮೇಯಿಸುವ ಬದಲು ಹುಲ್ಲು ಕೊಯ್ದು ಒಯ್ಯಲು ಒಂದು ಕಡೆ ಗೊತ್ತು ಮಾಡಬಹುದು. ಒಗೆಯುವ ಕಲ್ಲನ್ನು ಕೆರೆಯಿಂದ ದೂರವಿಟ್ಟು ಅದರ ನೀರನ್ನು ಬಾಳೆಯ ಬುಡಕ್ಕೆ ಹರಿಸಬಹುದು. ಮನೆಯಲ್ಲಿ ಒಂದೇ ಅಡುಗೆಮನೆಯಲ್ಲಿ ಮೂವರು ಸೊಸೆಯರು ಹೊಂದಿಕೊಂಡು ಹೋಗುವುದನ್ನು ನಾವು ಕಂಡಿಲ್ಲವೇ? ಯಾರಿಗೆ ಯಾವ ಹೊತ್ತು ಎಂದು ಕುಳಿತು ಮಾತಾಡಿಕೊಳ್ಳಬೇಕು, ಅಷ್ಟೇ.

ಹೆಂಗಸರಿಗೆ ನಡೆಯಲು ಜಾಗ ಬೇಕೆಂಬ ನನ್ನ ಆಸೆಯೂ ತಪ್ಪಲ್ಲ. ನಮ್ಮ ಮನೆಗಳಲ್ಲಿ ನಲವತ್ತು ದಾಟುವ ಹೊತ್ತಿಗೆ ಸಕ್ಕರೆ, ಬಿ.ಪಿ., ಮಂಡಿನೋವು ಒಂದೊಂದಾಗಿ ಬಂದು ಸೇರುತ್ತವೆ. ಎಳೆಯ ಬಾಣಂತಿಯರ ಮನಸ್ಸಿಗೆ ಕವಿಯುವ ಮಂಕು ಮನೆಯವರಿಗೂ ಕಾಣುವುದಿಲ್ಲ. ಕಣ್ಣಿಗೆ ನೀರು, ಕಿವಿಗೆ ಹಕ್ಕಿಯ ದನಿ, ಜೊತೆಗೆ ಎರಡು ಮಾತು ಇಷ್ಟು ಸಿಕ್ಕರೆ ಎಷ್ಟೋ ಹಗುರವಾಗುತ್ತದೆ. ಅದಕ್ಕೆ ಬೇಕಾದದ್ದು ಬಣ್ಣದ ದೀಪಗಳಲ್ಲ. ಎಲ್ಲ ಕಡೆಯಿಂದಲೂ ಕಾಣುವಂಥ ತೆರೆದ ದಾರಿ, ಕುಳಿತುಕೊಳ್ಳಲು ಮರದ ನೆರಳು, ಶುಚಿಯಾದ ಒಂದು ಶೌಚಾಲಯ, ಸದಾ ಜನ ಓಡಾಡುವ ಧೈರ್ಯ. ಆ ನಸುಕಿನಲ್ಲಿ ಒಬ್ಬಳೇ ಕೆರೆಯ ಬಳಿ ನಿಂತಿದ್ದಾಗ ನನಗೆ ಧೈರ್ಯ ಕೊಟ್ಟದ್ದು ಯಾವ ದೀಪವೂ ಅಲ್ಲ, ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಆ ಇನ್ನೊಬ್ಬ ಹೆಂಗಸು.

ಮರಳಿ ಊರಿಗೆ

ತಿಂಗಳು ಮುಗಿಸಿ ಹೊರಡುವ ದಿನ ಮಗಳು ಗೇಟಿನವರೆಗೆ ಬಂದಳು. ಅವಳ ಜೊತೆ ಕೆರೆಯ ದಾರಿಯಲ್ಲಿ ಸಿಕ್ಕಿದ್ದ ಆ ಗೆಳತಿಯೂ ಇದ್ದಳು. "ಚಿಂತೆ ಮಾಡಬೇಡಿ ಆಂಟೀ, ಸಂಜೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ" ಎಂದಳು. ರೈಲಿನಲ್ಲಿ ನನಗೆ ನೆಮ್ಮದಿಯ ನಿದ್ರೆ ಬಂತು.

ಊರಿಗೆ ಬಂದ ಮರುದಿನ ಮೊದಲು ಹೋದದ್ದು ಮೇಕೆಯ ಅಜ್ಜಿಯ ಮನೆಗೆ. ಜಗಲಿಯ ಮೇಲೆ ಕುಳಿತು, "ಅವತ್ತು ನಕ್ಕದ್ದು ತಪ್ಪಾಯಿತು ಅಜ್ಜಿ" ಎಂದೆ. ಅವಳು ಅದನ್ನು ಕೇಳಿಸಿಕೊಳ್ಳದವಳಂತೆ "ಮಗು ಹೇಗಿದೆ? ಯಾರ ಹಾಗಿದೆ?" ಎಂದು ವಿಚಾರಿಸಿದಳು. ಆಮೇಲೆ ನನ್ನನ್ನು ಕೆರೆಯ ಹಿಂಬದಿಗೆ ಕರೆದೊಯ್ದು ಮೇಕೆಗಳು ಇಳಿಯುವ ಜಾಗ, ಬೇಸಿಗೆಯಲ್ಲಿ ಕೊನೆಗೆ ನೀರು ಉಳಿಯುವ ಗುಂಡಿ, ಮಳೆಗಾಲದಲ್ಲಿ ಕೊಕ್ಕರೆ ಕೂರುವ ಜಾಲಿಮರ ಎಲ್ಲವನ್ನೂ ತೋರಿಸಿದಳು. ಇಪ್ಪತ್ತೆಂಟು ವರ್ಷದಿಂದ ಆ ಊರಿನ ಸೊಸೆಯಾಗಿರುವ ನನಗೆ ಇವೊಂದೂ ಗೊತ್ತಿರಲಿಲ್ಲ.

ಅರ್ಜಿಯನ್ನು ತಿದ್ದಿ ಬರೆಸಿದ್ದೇವೆ. ಬೇಲಿಯ ಬದಲು ಏರಿಯ ಉದ್ದಕ್ಕೂ ಹೊಂಗೆ, ನೇರಳೆ, ಮತ್ತಿ ಸಸಿಗಳು. ಟೈಲ್ಸ್ ಬದಲು ಮಣ್ಣಿನ ದಾರಿ. ಹಿಂಬದಿಯಲ್ಲಿ ದನಕರುಗಳಿಗೆ ಇಳಿಜಾರು. ಯುವಕರಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ, ಬಣ್ಣದ ದೀಪದ ಮೇಲೆ ಅವರಿಗೆ ಇನ್ನೂ ಆಸೆ. ಪಂಚಾಯತಿಯಲ್ಲಿ ತೀರ್ಮಾನವಾಗಿಲ್ಲ. ಮುಂದಿನ ಗ್ರಾಮಸಭೆಗೆ ಹೆಂಗಸರೆಲ್ಲ ಹೋಗುವುದೆಂದು ಮಾತಾಗಿದೆ. ಅಜ್ಜಿ ಇನ್ನೂ ಹೆಬ್ಬೆಟ್ಟು ಒತ್ತಿಲ್ಲ. "ಮೊದ್ಲು ಇಳಿಜಾರು ಮಾಡ್ಲಿ, ಆಮೇಲೆ ನೋಡೋಣ" ಎನ್ನುತ್ತಾಳೆ. ಅವಳ ಅನುಭವ ಅವಳಿಗೆ.

ಇಂಥ ಅರ್ಜಿ ನಾಳೆ ನಿಮ್ಮ ಮನೆ ಬಾಗಿಲಿಗೂ ಬರಬಹುದು. ಕೆರೆಯದ್ದೋ, ಗೋಮಾಳದ್ದೋ, ಗುಂಡುತೋಪಿನದ್ದೋ ಇರಬಹುದು. ಸಂತೋಷದಿಂದ ಸಹಿ ಹಾಕಿ. ಆದರೆ ಅದಕ್ಕೆ ಮೊದಲು ಆ ಜಾಗದ ಹಿಂಬದಿಗೆ ಒಮ್ಮೆ ಹೋಗಿ, ಅಲ್ಲಿ ದಿನವೂ ಬರುವವರು ಯಾರೆಂದು ನೋಡಿ ಬನ್ನಿ.